ಬಿತ್ತದೆ ಬೆಳೆಸಿದ ಬೆಳೆ

ಕೃಷಿಯ ಚರಿತ್ರೆ ಎಂದರೆ ನಮಗೆ ರಾಗಿ, ಜೋಳ, ಭತ್ತ, ಕಬ್ಬು, ಅಡಕೆ. ಕೆರೆ ಕಟ್ಟಿಸಿದವರನ್ನು ಶಾಸನಗಳು ಬಾಯ್ತುಂಬ ಹೊಗಳುತ್ತವೆ. ಗದ್ದೆ, ತೋಟ ದತ್ತಿ ಬಿಟ್ಟವರು ಎಲ್ಲೆಗಲ್ಲು ನೆಡಿಸಿ ಸಾಕ್ಷಿ ಹಾಕಿಸಿದ್ದಾರೆ. ಹುಲ್ಲು ಮಾತ್ರ ಈ ಲೆಕ್ಕದಿಂದ ಹೊರಗೇ ಉಳಿಯಿತು. ನಾಲ್ಕು ಹನಿ ಬಿದ್ದರೆ ತಾನೇ ಚಿಗುರಿ, ಬಿಸಿಲೇರಿದರೆ ತಾನೇ ಒಣಗುವ ಅದಕ್ಕೆ ಯಾರ ಬೆವರೂ ಬೇಕಿಲ್ಲವೆಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಈ ನಂಬಿಕೆಗೆ ನಾವು ತೆತ್ತ ಬೆಲೆ ಸಣ್ಣದಲ್ಲ. ಯಾರೂ ಬೆಳೆಸದ್ದು ಯಾರದೂ ಅಲ್ಲ, ಯಾರದೂ ಅಲ್ಲದ ನೆಲ ಖಾಲಿ ನೆಲ ಎಂಬ ತರ್ಕದಲ್ಲೇ ಬಯಲುಸೀಮೆಯ ಹುಲ್ಲುಗಾವಲುಗಳು ಒಂದೊಂದಾಗಿ ಕರಗಿವೆ. ಹಳೆಯ ಮೈಸೂರಿನ ಅಮೃತಮಹಲ್ ಕಾವಲುಗಳ, ಅಂದರೆ ಅರಸರ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳ, ಚರಿತ್ರೆಯನ್ನು ಗಮನವಿಟ್ಟು ಓದಿದರೆ ಬೇರೆಯದೇ ಚಿತ್ರ ಮೂಡುತ್ತದೆ. ಅಲ್ಲಿನ ಬಹುವಾರ್ಷಿಕ ಹುಲ್ಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಒಂದು ಬೆಳೆಯೇ ಆಗಿತ್ತು. ನೇಗಿಲು, ಕೂರಿಗೆಗಳ ಜಾಗದಲ್ಲಿ ಅದಕ್ಕಿದ್ದ ಸಲಕರಣೆಗಳು ಎರಡು: ಯಾವ ತಿಂಗಳು ದನ ಎಲ್ಲಿರಬೇಕೆಂಬ ಪಂಚಾಂಗ, ಆ ಪಂಚಾಂಗ ತಪ್ಪದಂತೆ ನೋಡಿಕೊಳ್ಳುವ ಕಾಯುವಾಳು. ಇವೆರಡೂ ಹೋದ ಮೇಲೆ ಹುಲ್ಲೂ ಹೋಯಿತು. ಇಂದು ಅದನ್ನು ಮತ್ತೆ ಬೆಳೆಸಹೊರಟವರು ಬೀಜದ ಚೀಲ ಹುಡುಕುವ ಮುಂಚೆ ಆ ಪಂಚಾಂಗವನ್ನು ಹುಡುಕಬೇಕು ಎಂಬುದು ಈ ಲೇಖನದ ವಾದ.

ವಾದಕ್ಕಿಂತ ಮೊದಲು ಗಿಡವನ್ನು ನೋಡೋಣ. ಬಯಲಿನ ಹುಲ್ಲುಗಳಲ್ಲಿ ಎರಡು ಬಗೆ. ಮುಂಗಾರಿಗೆ ಮೊಳೆತು, ಎರಡು ಮೂರು ತಿಂಗಳಲ್ಲಿ ಬೀಜ ಉದುರಿಸಿ ಸತ್ತುಹೋಗುವುದು ಏಕವಾರ್ಷಿಕ. ಬೇಸಿಗೆಯಲ್ಲಿ ಮೇಲಿನ ಗರಿ ಒಣಗಿದರೂ ಬುಡದಲ್ಲಿ ಜೀವ ಹಿಡಿದು, ಮುಂದಿನ ಮಳೆಗೆ ಅದೇ ಬುಡದಿಂದ ಚಿಗುರುವುದು ಬಹುವಾರ್ಷಿಕ. ಕೇಂದ್ರದ ಕೃಷಿ ವಿಜ್ಞಾನಿಗಳು 1954ರಿಂದ 1962ರವರೆಗೆ ದೇಶದ ಹುಲ್ಲುಗಾವಲುಗಳ ಸಮೀಕ್ಷೆ ನಡೆಸಿದರು. ಅದನ್ನು ಆಧರಿಸಿ ದಬಡ್‌ಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಹೊರತಂದ ಗ್ರಂಥ, ನಮ್ಮ ಪ್ರಸ್ಥಭೂಮಿಯ ಹುಲ್ಲನ್ನು ಎರಡು ಬಹುವಾರ್ಷಿಕಗಳ ಹೆಸರಿನಿಂದ ಗುರುತಿಸಿತು: ಸೆಹಿಮಾ ಮತ್ತು ಡೈಕಾಂಥಿಯಂ. ಗರಸು ಬೆರೆತ ಕೆಂಪು ನೆಲಕ್ಕೆ ಸೆಹಿಮಾ, ಎರೆಮಣ್ಣಿಗೆ ಡೈಕಾಂಥಿಯಂ. ಇವುಗಳ ಜೊತೆಯಲ್ಲಿ, ಇವು ಸೋತಲ್ಲಿ ಇನ್ನೂ ಹೆಚ್ಚಾಗಿ, ಕಾಣುವುದು ಹೆಟೆರೊಪೋಗಾನ್ ಎಂಬ ಸೂಜಿಹುಲ್ಲು. ಇದರ ಬೀಜಕ್ಕೆ ಮುಂದೆ ಗಡಸಾದ ಚೂಪು ಮೂತಿ, ಹಿಂದೆ ಕಂದುಬಣ್ಣದ ಉದ್ದನೆಯ ಊಬು. ಒಣಗಿದಾಗ ಹಗ್ಗದಂತೆ ಹುರಿಗೊಂಡಿರುವ ಈ ಊಬು ಇಬ್ಬನಿ ತಾಕಿದರೆ ಬಿಚ್ಚಿಕೊಳ್ಳುತ್ತದೆ, ಬಿಸಿಲಿಗೆ ಮತ್ತೆ ಹುರಿಗೊಳ್ಳುತ್ತದೆ. ಹೀಗೆ ಅತ್ತಿತ್ತ ತಿರುಗುವ ಬಲದಿಂದಲೇ ಬೀಜ ನೆಲ ಕೊರೆದುಕೊಂಡು ಒಳಗಿಳಿಯುತ್ತದೆ. ಅದೇ ಚಾತುರ್ಯದಿಂದ ಕುರಿಯ ಉಣ್ಣೆ ಹೊಕ್ಕು ಚರ್ಮವನ್ನೂ ಚುಚ್ಚುತ್ತದೆ. ಎಳೆಯದಿದ್ದಾಗ ದನಕ್ಕೆ ಒಳ್ಳೆಯ ಮೇವು, ಬಲಿತ ಮೇಲೆ ಕುರಿಗೆ ಶತ್ರು. ಒಂದೇ ಹುಲ್ಲು ಮೇವೋ ಮುಳ್ಳೋ ಎಂಬುದನ್ನು ತಿಂಗಳು ನಿರ್ಧರಿಸುತ್ತದೆ.

ಬಹುವಾರ್ಷಿಕ ಹುಲ್ಲಿನ ಗುಟ್ಟೆಲ್ಲ ಅದರ ಬುಡದಲ್ಲಿದೆ. ಮೊದಲ ಮಳೆಗೆ ಏಳುವ ಹಸಿರು, ಗಿಡ ಆ ವರ್ಷ ಸಂಪಾದಿಸಿದ್ದಲ್ಲ. ಹಿಂದಿನ ಹಿಂಗಾರಿನಲ್ಲಿ ಬೇರು ಮತ್ತು ಬುಡದಲ್ಲಿ ಕೂಡಿಟ್ಟ ಪಿಷ್ಟವನ್ನು ಸಾಲವಾಗಿ ತೆಗೆದು ಕಟ್ಟಿದ್ದು. ಗರಿ ಅಗಲವಾಗಿ ಬಿಸಿಲು ಹಿಡಿಯತೊಡಗಿದ ಮೇಲಷ್ಟೇ ಆ ಸಾಲ ತೀರಲು ಶುರು. ತೀರುವ ಮುನ್ನವೇ ದನ ಬಂದು ಬಾಯಿ ಹಾಕಿದರೆ ಗಿಡ ಮತ್ತೆ ಸಾಲ ಎತ್ತಬೇಕು. ಪ್ರತಿ ಮುಂಗಾರಿನಲ್ಲೂ ಇದೇ ನಡೆದರೆ ಕೆಲವೇ ವರ್ಷಗಳಲ್ಲಿ ಬುಡ ಬರಿದಾಗಿ ಹುಲ್ಲಿನ ಗುಡ್ಡೆ ಸಾಯುತ್ತದೆ. ಸಾಯುವುದಕ್ಕೂ ಒಂದು ಕ್ರಮವಿದೆ. ದನಕ್ಕೆ ಹೆಚ್ಚು ರುಚಿಸುವ ಸೆಹಿಮಾ ಮೊದಲು ಮಾಯವಾಗುತ್ತದೆ, ಅದರ ಜಾಗಕ್ಕೆ ಸೂಜಿಹುಲ್ಲು ಬರುತ್ತದೆ, ಅದೂ ಸೋತಾಗ ಮೂರು ಊಬಿನ ಅರಿಸ್ಟಿಡಾ ಮತ್ತು ಬಡಕಲು ಏಕವಾರ್ಷಿಕಗಳು ನೆಲ ಹಿಡಿಯುತ್ತವೆ. ಹುಲ್ಲುಗಾವಲನ್ನು ಬಲ್ಲವರು ನೆಲದ ಮೇಲಿನ ಜಾತಿಗಳನ್ನು ನೋಡಿಯೇ ಅಲ್ಲಿನ ಮೇಯಿಸುವಿಕೆಯ ಹಿಂದಿನ ಕತೆಯನ್ನು ಹೇಳಬಲ್ಲರು. ಹಾಗಾದರೆ ಈ ಹುಲ್ಲನ್ನು ಬೆಳೆಸುವುದೆಂದರೆ ಏನು? ಅದು ಸಾಲ ತೀರಿಸುವ ವಾರಗಳಲ್ಲಿ, ಬೀಜ ಕಟ್ಟುವ ವಾರಗಳಲ್ಲಿ ದನದ ಬಾಯನ್ನು ದೂರವಿಡುವುದು. ಉಳಿದ ಕೆಲಸ ಹುಲ್ಲಿನದೇ.

ಮೈಸೂರಿನ ಅರಸರ ದನದ ಇಲಾಖೆ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಮತ್ತು ಅದರ ನಂತರದ ದಾಖಲೆಗಳ ಪ್ರಕಾರ, ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣಕ್ಕೆ ತಂದ ಹಳ್ಳಿಕಾರ್ ದನಗಳು ಒಡೆಯರ ಕೈಸೇರಿದವು. ಒಡೆಯರು ಹಿಂಡು ಬೆಳೆದಂತೆಲ್ಲ ನಾಡಿನ ಬೇರೆ ಬೇರೆ ಕಡೆ ಅವಕ್ಕೆಂದೇ ಹುಲ್ಲುಗಾವಲು ಗೊತ್ತುಮಾಡಿದರು. 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಇದು ಬೆಣ್ಣೆ ಚಾವಡಿ ಎಂಬ ಹೆಸರಿನ ಪೂರ್ಣ ಪ್ರಮಾಣದ ಇಲಾಖೆಯಾಗಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಹಿಂಡನ್ನು ಹೈದರಾಲಿ ಫಿರಂಗಿ ಎಳೆಯುವ, ಸರಂಜಾಮು ಹೊರುವ ಸೈನ್ಯದ ಅಂಗವಾಗಿ ಮಾರ್ಪಡಿಸಿದ. ಸೋತ ಪಾಳೆಯಗಾರರ ಹಿಂಡುಗಳೂ ಇದಕ್ಕೆ ಸೇರಿದವು. ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆ ಹೊರಡಿಸಿದ. ಹೈದರನ ಸೈನ್ಯ ಚಿದಂಬರದ ನೆರವಿಗೆ ನೂರು ಮೈಲಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿದ್ದನ್ನೂ, ಟಿಪ್ಪು ಬಿದನೂರನ್ನು ಮರಳಿ ಗೆಲ್ಲಲು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡ ದಾಟಿದ್ದನ್ನೂ ಗೆಜೆಟಿಯರ್ ಈ ಎತ್ತುಗಳ ಲೆಕ್ಕಕ್ಕೇ ಬರೆಯುತ್ತದೆ. ಈ ದನಗಳಿಗೆ ಕೊಟ್ಟಿಗೆ ಇರಲಿಲ್ಲ, ಹಿಂಡಿ ಬೂಸದ ವೈಭೋಗವೂ ಇರಲಿಲ್ಲ. ಹಗಲು ರಾತ್ರಿ ಬಯಲಲ್ಲೇ ಇದ್ದು, ಹೆಚ್ಚುಕಡಿಮೆ ಕಾಡುಪ್ರಾಣಿಗಳಂತೆ ಬೆಳೆದವು ಅವು. ಫಿರಂಗಿ ಎಳೆದ ಶಕ್ತಿ ಬಹುಪಾಲು ಹುಲ್ಲಿನಿಂದಲೇ ಬಂದದ್ದು. ಸೇನಾಚರಿತ್ರೆ ಎತ್ತನ್ನು ನೆನೆಯುತ್ತದೆ, ಎತ್ತಿನ ಹಿಂದಿದ್ದ ಹುಲ್ಲಿನ ವ್ಯವಸ್ಥೆಯನ್ನು ಮರೆಯುತ್ತದೆ.

ಆ ವ್ಯವಸ್ಥೆಯ ಬೆನ್ನೆಲುಬು ಕಾವಲುಗಳ ಮೂರು ವರ್ಗ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಕೆರೆಯಂಗಳ, ಹಳ್ಳದ ದಂಡೆ, ಮರದ ನೆರಳು ಇರುವ, ಬಿರುಬೇಸಿಗೆಯಲ್ಲೂ ನೀರು ಮೇವು ಸಿಗುವ ಜಾಗಗಳು ಬೇಸಿಗೆಗೆ ಮೀಸಲು. ಇವು ಎಲ್ಲಕ್ಕಿಂತ ಬೆಲೆಬಾಳುವಂಥವು, ಬಿಗಿಯಾದ ಕಾಯುವಿಕೆ ಇದ್ದದ್ದೂ ಇವಕ್ಕೇ. ಮಳೆ ನೀರು ಬಿಟ್ಟರೆ ಬೇರೆ ಆಸರೆಯಿಲ್ಲದ ಬೋಳು ದಿಬ್ಬಗಳು ಮಳೆಗಾಲಕ್ಕೆ. ಮಳೆ ನಿಂತ ಮೇಲೂ ಕೆಲವು ತಿಂಗಳು ಹೊಂಡಗಳಲ್ಲಿ ನೀರು ನಿಲ್ಲುವ ಕಡೆಗಳು ಚಳಿಗಾಲಕ್ಕೆ. ಪ್ರತಿ ಹಿಂಡಿಗೂ ಈ ಮೂರೂ ಬಗೆಯ ಕಾವಲುಗಳ ಸರಣಿಯೊಂದು ಗೊತ್ತಾಗಿರುತ್ತಿತ್ತು. ಹಿಂಡು ವರ್ಷವಿಡೀ ಆ ಸುತ್ತಿನಲ್ಲಿ ಸಾಗುತ್ತಿತ್ತು. ಇದನ್ನು ದನದ ಕಡೆಯಿಂದ ನೋಡಿದರೆ ನೀರಿನ ಬೆನ್ನುಹತ್ತಿದ ಅಲೆದಾಟ. ಹುಲ್ಲಿನ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಹಿಂಡು ಮಳೆಗಾಲದ ದಿಬ್ಬಗಳ ಮೇಲಿದ್ದಾಗ ಬೇಸಿಗೆ ಕಾವಲಿನ ಗುಡ್ಡೆಗಳು ಚಿಗುರಿ, ಸಾಲ ತೀರಿಸಿ, ಬೀಜ ಉದುರಿಸಿ, ಒಣಮೇವಾಗಿ ನಿಲ್ಲುತ್ತಿದ್ದವು. ಹಿಂಡು ಚಳಿಗಾಲದ ಕಡೆಗೆ ಸರಿದಾಗ ಮಳೆಗಾಲದ ದಿಬ್ಬಗಳಿಗೆ, ಮಣ್ಣಲ್ಲಿ ಇನ್ನೂ ಪಸೆಯಿರುವಾಗಲೇ, ಬುಡ ತುಂಬಿಕೊಳ್ಳಲು ಬಿಡುವು ಸಿಗುತ್ತಿತ್ತು. ಪ್ರತಿ ಕಾವಲಿಗೂ ವರ್ಷದ ಬಹುಭಾಗ ರಜೆ. ಇಂದು ಹುಲ್ಲುಗಾವಲು ತಜ್ಞರು ಸರದಿ ಮೇಯಿಸುವಿಕೆ, ತಡೆಹಿಡಿದ ಮೇಯಿಸುವಿಕೆ ಎಂದು ಸೂಚಿಸುವ ಎರಡು ಕ್ರಮಗಳೂ ಈ ಸುತ್ತಿನಲ್ಲಿ ಅಡಕವಾಗಿದ್ದವು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕಾವಲುಗಳನ್ನು ವಿಂಗಡಿಸಿದ್ದು ನೀರು ನೆರಳು ನೋಡಿ. ಹುಲ್ಲಿಗೆ ಸಿಕ್ಕ ಬಿಡುವು ಅದರ ಆಕಸ್ಮಿಕ ಫಲ. ಅದನ್ನು ಬೇಸಾಯ ಎನ್ನುವುದು ಹೆಚ್ಚಾಯಿತು. ಹುಲ್ಲು ಹೇಗಿದ್ದರೂ ಮಳೆಯ ಮಗು ಎಂಬ ಆಕ್ಷೇಪ. ಆಕ್ಷೇಪದ ಮೊದಲರ್ಧ ನಿಜ, ದಾಖಲೆಗಳು ಮಾತಾಡುವುದು ನೀರಿನ ಬಗ್ಗೆಯೇ. ಆದರೆ ಬಿಡುವು ಆಕಸ್ಮಿಕವಾಗಿದ್ದರೆ ಅದನ್ನು ಕಾಯಲು ಸಂಬಳದ ಆಳು ಬೇಕಿರಲಿಲ್ಲ. ಮಳೆಗಾಲದಲ್ಲಿ ಬೇಸಿಗೆ ಕಾವಲಿನಲ್ಲಿ ಹುಲ್ಲೂ ಇರುತ್ತದೆ, ನೀರೂ ಇರುತ್ತದೆ. ಆಗ ಅಲ್ಲಿಗೆ ಹಿಂಡನ್ನು ನುಗ್ಗಿಸದಿರುವುದು ನಾಲ್ಕು ತಿಂಗಳ ಮುಂದಿನ ಹಸಿವನ್ನು ಎಣಿಸಿದವರು ಮಾಡಿದ ತೀರ್ಮಾನ. ಕಣ್ಣೆದುರಿನ ಫಲವನ್ನು ಮುಂದಿನ ಕಾಲಕ್ಕೆಂದು ಮುಟ್ಟದೆ ಬಿಡುವುದೇ ಬೇಸಾಯದ ಮೂಲ ಗುಣ. ಇನ್ನು ಮಳೆಯ ಮಾತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1856ರಲ್ಲಿ ಒಂದೇ ಹುಲ್ಲುಗಾವಲನ್ನು ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಗೊಬ್ಬರ ಹಾಕುತ್ತ, ಕೆಲವಕ್ಕೆ ಏನೂ ಹಾಕದೆ, ಹುಲ್ಲು ಕೊಯ್ಯತೊಡಗಿದರು. ಆ ಪ್ರಯೋಗ ಇಂದಿಗೂ ನಡೆದಿದೆ. ಮೇಲೆ ಬೀಳುವ ಮಳೆ ಒಂದೇ, ಮೂಲದ ಮಣ್ಣು ಒಂದೇ; ಆದರೂ ಕೆಲವೇ ವರ್ಷಗಳಲ್ಲಿ ಪಟ್ಟಿಗಳು ಗುರುತು ಸಿಗದಷ್ಟು ಬೇರೆಯಾದವು. ಏನೂ ಹಾಕದ ಪಟ್ಟಿಯಲ್ಲಿ ಹತ್ತಾರು ಜಾತಿಯ ಸಸ್ಯಗಳು ಉಳಿದರೆ, ಸಾರಜನಕ ಸುರಿದ ಕಡೆ ಬೆರಳೆಣಿಕೆಯವು ಮಾತ್ರ ನಿಂತವು. ಬಹುವಾರ್ಷಿಕ ಹುಲ್ಲುಗಾವಲು ಹೇಗಿರುತ್ತದೆ ಎಂಬುದನ್ನು ಮಳೆಯಷ್ಟೇ ಮನುಷ್ಯನ ನಡೆಯೂ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದೀರ್ಘವಾದ ಸಾಕ್ಷಿ ಜಗತ್ತಿನಲ್ಲಿ ಇನ್ನೊಂದಿಲ್ಲ.

ನಮ್ಮ ಚರಿತ್ರೆಯೊಳಗೇ ಇಂಥ ಸಾಕ್ಷಿ ಎರಡು ಬಾರಿ ಸಿಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತಮಹಲಿನ ಉಸ್ತುವಾರಿ ಸಡಿಲವಾಯಿತು. ದನ ಅದೇ, ಕಾವಲು ಅದೇ, ಮಳೆಯೂ ಅದೇ. ಆದರೂ ಹತ್ತು ಹದಿನೈದು ವರ್ಷದೊಳಗೆ ಹಿಂಡು ಎಷ್ಟು ಕ್ಷೀಣಿಸಿತೆಂದರೆ 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಗೆ ಅದನ್ನು ವಹಿಸಬೇಕಾಯಿತು. ಹಳೆಯ ಶಿಸ್ತು ಮರಳಿದ ಮೇಲೆ ಹಿಂಡು ಚೇತರಿಸಿಕೊಂಡಿತು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿಸಿದ. ಬೇಕಾದಾಗ ಪೇಟೆಯಲ್ಲಿ ಎತ್ತು ಕೊಳ್ಳಬಹುದು ಎಂಬುದು ಅಂದಿನ ಲೆಕ್ಕಾಚಾರ. ಹಾಗೆ ಕೊಳ್ಳಲು ತಕ್ಕ ಎತ್ತು ಸಿಗದೆ ಆರೇಳು ವರ್ಷದೊಳಗೆ ಇಲಾಖೆಯನ್ನು ಮತ್ತೆ ತೆರೆಯಬೇಕಾಯಿತು. 1881ರಲ್ಲಿ ಒಡೆಯರಿಗೆ ಆಡಳಿತ ಮರಳಿ, ಮರುವರ್ಷ ಅಮೃತಮಹಲೂ ಮೈಸೂರು ಸರಕಾರಕ್ಕೆ ಬಂತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರ ಆ ಪರಂಪರೆಯ ಇಂದಿನ ಕೊಂಡಿ. ಈ ಏರಿಳಿತಗಳಲ್ಲಿ ಹೋರಿ ಆಯ್ಕೆಯ ಪಾಲೂ ಇದೆ, ಲೆಕ್ಕಪತ್ರದ ಶಿಸ್ತಿನ ಪಾಲೂ ಇದೆ. ಎಲ್ಲವನ್ನೂ ಹುಲ್ಲಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಹುಲ್ಲನ್ನೇ ನೆಚ್ಚಿದ ಹಿಂಡು ಕಾಯುವವರಿಲ್ಲದ ಬಯಲಿನಲ್ಲಿ ಬಾಳಲಾರದೆಂಬುದು ಎರಡು ಸಲವೂ ರುಜುವಾತಾಯಿತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕಾವಲುಗಳು ಅರಸನ ಸೈನ್ಯದ ಸ್ವತ್ತು. ಊರಿನವರ ದನವನ್ನು ಹೊರಗಟ್ಟಿ ಕಟ್ಟಿದ ಏಕಸ್ವಾಮ್ಯ. ಅದರ ಗುಣಗಾನ ಮಾಡುವುದು ದರಬಾರಿನ ದಂಡಕ್ಕೆ ಕೈಮುಗಿದಂತೆ ಎನ್ನಬಹುದು. ಅಧಿಕಾರದ ಬಲವಿಲ್ಲದೆ ಲಕ್ಷಾಂತರ ಎಕರೆ ನೆಲವನ್ನು ಮೀಸಲಿಡಲು ಸಾಧ್ಯವಿರಲಿಲ್ಲ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಹುಲ್ಲಿಗೆ ಬಿಡುವು ಕೊಡುವ ಜ್ಞಾನ ಅರಮನೆಯ ಸೊತ್ತಾಗಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸಬೇಡ ಬುಡಕಟ್ಟಿನವರು ದೇವರ ಎತ್ತುಗಳ ಹಿಂಡುಗಳನ್ನು ಇಂದಿಗೂ ಸಾಕುತ್ತಾರೆ. ಉಳುಮೆಗೆ ಹೂಡದ, ಕೊಟ್ಟಿಗೆಗೆ ಕಟ್ಟದ ಈ ದನಗಳನ್ನು ಕಿಲಾರಿ ಎಂಬ ದನಗಾಹಿ ಬಯಲಿನಲ್ಲೇ ಕಾಯುತ್ತಾನೆ. ಮೇವು ನೀರು ನೋಡಿಕೊಂಡು ಹಿಂಡನ್ನು ಸಾಗಿಸುವ ಹೊಣೆ ಅವನದು. ನೆರೆಯ ತಮಿಳುನಾಡಿನ ಕೊಂಗು ಸೀಮೆ ಇನ್ನೊಂದು ಉದಾಹರಣೆ. ಕಾಂಗೇಯಂ ಸುತ್ತಿನ ರೈತರು ತಮ್ಮ ಒಣಭೂಮಿಯನ್ನು ಕೊರಂಗಾಡು ಎಂಬ ಖಾಸಗಿ ಹುಲ್ಲುಗಾವಲಾಗಿ ತಲೆಮಾರುಗಳಿಂದ ಉಳಿಸಿಕೊಂಡಿದ್ದಾರೆ. ಸುತ್ತ ಮುಳ್ಳುಗಿಡದ ಜೀವಂತ ಬೇಲಿ, ನಡುನಡುವೆ ಬಿಳಿಜಾಲಿ ಮರ, ನೆಲದ ಮೇಲೆ ತಮಿಳರು ಕೊಳುಕ್ಕಟ್ಟೈ ಎನ್ನುವ ಅಂಜನ್ ಹುಲ್ಲು. ಒಂದು ತುಂಡು ಮೇಯಿಸಿ ಇನ್ನೊಂದಕ್ಕೆ ಬಿಡುವು ಕೊಡುವುದು ಅಲ್ಲಿನ ರೂಢಿ. ಕಾಂಗೇಯಂ ತಳಿ ಬೆಳೆದದ್ದು ಆ ಹುಲ್ಲಿನ ಮೇಲೆ. ಅರಸ, ಬುಡಕಟ್ಟು, ಒಂಟಿ ರೈತ ಹೀಗೆ ಒಡೆತನ ಮೂರು ಬಗೆಯಾದರೂ ಹುಲ್ಲನ್ನು ಬೆಳೆಸಿದ ವಿಧಾನ ಒಂದೇ. ದರಬಾರನ್ನು ಬಿಟ್ಟು ವಿಧಾನವನ್ನು ಉಳಿಸಿಕೊಳ್ಳಲು ಅಡ್ಡಿಯೇನಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಆದರೆ ಸ್ವಾತಂತ್ರ್ಯಾನಂತರ ನಡೆದದ್ದು ಇದಕ್ಕೆ ತದ್ವಿರುದ್ಧ. ನೆಲದ ಲೆಕ್ಕ ಉಳಿಯಿತು, ವಿಧಾನ ಹೋಯಿತು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯ ಆಸುಪಾಸು ಇದ್ದ ಕಾವಲುಗಳು ಆಹಾರ ಬೆಳೆಗೆ, ಮಂಜೂರಾತಿಗೆ, ಒತ್ತುವರಿಗೆ, ನೆಡುತೋಪಿಗೆ ಹಂಚಿಹೋಗಿ ತುಣುಕುಗಳಾದವು. ಉಳಿದ ಸಾರ್ವಜನಿಕ ಹುಲ್ಲುಗಾವಲಿಗೆ ಕಾನೂನು ಕೊಟ್ಟ ರಕ್ಷಣೆ ಎಂಥದೆಂದು ಗೋಮಾಳದ ನಿಯಮ ನೋಡಿದರೆ ಗೊತ್ತಾಗುತ್ತದೆ. ಭೂಕಂದಾಯ ಕಾಯ್ದೆಯಡಿ ರೂಪಿಸಿದ 1966ರ ನಿಯಮಗಳು ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆನ್ನುತ್ತವೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಚಳ್ಳಕೆರೆಯ ಗರಸು ನೆಲದಲ್ಲಿ ಎಕರೆಗೆ ಮೂರು ದನಕ್ಕಿಂತ ಹೆಚ್ಚು ಎಂಬ ಈ ಲೆಕ್ಕಕ್ಕೆ ಹುಲ್ಲು ಮೊದಲ ಶ್ರಾವಣದೊಳಗೇ ಶರಣಾಗುತ್ತದೆ. ಅದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದು. ನಿಯಮದಲ್ಲಿ ವಿಸ್ತೀರ್ಣವಿದೆ, ತಿಂಗಳಿಲ್ಲ. ವರ್ಷದ ಮುನ್ನೂರರವತ್ತೈದು ದಿನವೂ ತೆರೆದಿರುವ ಗೋಮಾಳ ಎಷ್ಟೇ ದೊಡ್ಡದಿದ್ದರೂ ಬಹುವಾರ್ಷಿಕ ಹುಲ್ಲಿನ ಪಾಲಿಗೆ ಸಾವಿನ ಬಯಲು. ಅಲ್ಲಿ ಬರೀ ಏಕವಾರ್ಷಿಕಗಳು ಉಳಿದು, ಸಂಕ್ರಾಂತಿಯ ಹೊತ್ತಿಗೆ ಮಣ್ಣು ತೇಲಿದಾಗ ನೋಡಿದವರು ಇದು ಪಾಳುಭೂಮಿ ಎನ್ನುತ್ತಾರೆ. ಹಾಗೆ ಹೆಸರು ಬಿದ್ದ ನೆಲಕ್ಕೆ ಬೇರೆ ಉಪಯೋಗ ಹುಡುಕುವುದು ಆಮೇಲೆ ಸುಲಭ. ಚಳ್ಳಕೆರೆಯ ಕಾವಲುಗಳಲ್ಲಿ ಎಂಟು ಸಾವಿರ ಎಕರೆಗೂ ಹೆಚ್ಚು ನೆಲ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ, ಅದನ್ನು ನೆಚ್ಚಿದ್ದ ಕುರಿಗಾರರು, ದನಗಾರರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿ ಅಲ್ಲಿ ಬದುಕು ಇದೆ ಎಂದು ರುಜುವಾತು ಮಾಡಬೇಕಾಗಿ ಬಂತು.

ಪಾಳುಬಿದ್ದ ಬಯಲಿಗೆ ಮರವೇ ಮದ್ದು ಎಂಬ ವಾದವನ್ನೂ ಇಲ್ಲಿ ಎದುರಿಸಬೇಕು, ಏಕೆಂದರೆ ಅದು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ನಮ್ಮಲ್ಲಿ ಇದರ ಪರೀಕ್ಷೆ ಆಗಿಹೋಗಿದೆ. ಕೃಷ್ಣಮೃಗಕ್ಕೆಂದು 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಮರಗಳ ನೆರಳು ದಟ್ಟವಾದಂತೆ ಬಯಲು ಕುಗ್ಗಿತು; ಬಿಸಿಲು ಮತ್ತು ತೆರಪನ್ನು ಬಯಸುವ ಎರ್ಲಡ್ಡು ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. 1980ರ ದಶಕದಲ್ಲಿ ರಾಜ್ಯ ಸರಕಾರ ಖಾಸಗಿ ಕಂಪನಿಯ ಜೊತೆ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕೊಡಲು ಹೊರಟಿತು. ಸಮಾಜ ಪರಿವರ್ತನಾ ಸಮುದಾಯ ಮತ್ತು ಹಳ್ಳಿಯವರು 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆಸಿದ ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹದಲ್ಲಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ದನಕ್ಕೆ ಮೇವು ಎಲ್ಲಿಂದ ಎಂಬುದು ಆ ಚಳವಳಿಯ ಮುಖ್ಯ ಪ್ರಶ್ನೆಗಳಲ್ಲೊಂದು. ಕೊನೆಗೆ 2017ರಲ್ಲಿ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇದರ ಅರ್ಥ ಬಯಲಿಗೆ ಮರವೇ ಕೂಡದು ಎಂದಲ್ಲ. ಬೇಸಿಗೆ ಕಾವಲುಗಳನ್ನು ಆರಿಸಿದ್ದೇ ನೆರಳು ನೋಡಿ. ಒಣಹುಲ್ಲಿನಲ್ಲಿ ಸಾರ ಕುಸಿದ ತಿಂಗಳುಗಳಲ್ಲಿ ಜಾಲಿಯ ಕಾಯಿ ದನದ ಹೊಟ್ಟೆಗೆ ಬಲ ಕೊಡುತ್ತದೆ. ಎಕರೆಗೆ ಕೆಲವು ಮರ ಹುಲ್ಲಿಗೆ ಗೆಳೆಯ, ಒತ್ತೊತ್ತಾದ ಮರ ಹುಲ್ಲಿಗೆ ಹಗೆ.

ಇನ್ನೊಂದು ವಾದ ಹಾಲಿನ ಡೇರಿಗಳ ಕಾಲದ್ದು. ಒಂದು ತುಂಡು ನೀರಾವರಿ ಜಮೀನಿನಲ್ಲಿ ಸಜ್ಜೆ-ನೇಪಿಯರ್ ಮಿಶ್ರತಳಿ ಹಾಕಿದರೆ ವರ್ಷಕ್ಕೆ ಹೆಕ್ಟೇರಿಗೆ ನೂರು ಟನ್ನಿಗೂ ಮಿಕ್ಕಿ ಹಸಿಮೇವು ಬರುತ್ತದೆ. ಕಾವಲಿನ ಬಡ ಹುಲ್ಲಿಗೆ ಇಷ್ಟು ಚಿಂತೆ ಏಕೆ ಎನ್ನುವುದು. ಆಫ್ರಿಕಾ ಮೂಲದ ನೇಪಿಯರ್ 1912ರ ಸುಮಾರಿಗೆ ಭಾರತಕ್ಕೆ ಬಂತು. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಸಜ್ಜೆಯೊಡನೆ ಅದರ ಮಿಶ್ರತಳಿ ಸಿದ್ಧವಾಯಿತು. ಎರಡು ಹಸು ಸಾಕುವ ಮನೆಗೆ ಅದು ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ನೂರು ಟನ್ನಿನ ಹಿಂದೆ ಕೊಳವೆಬಾವಿ, ಗೊಬ್ಬರ, ಕತ್ತರಿಸಿ ಹೊರುವ ಕೈಗಳಿವೆ. ಅವಿಲ್ಲದ ಗರಸು ನೆಲದಲ್ಲಿ ನೇಪಿಯರ್ ಒಂದು ಬೇಸಿಗೆ ದಾಟುವುದೂ ಕಷ್ಟ. ಸೆಹಿಮಾ, ಅಂಜನ್ ಹುಲ್ಲುಗಳ ಫಸಲು ಕಡಿಮೆ, ಆದರೆ ಅವು ಕೇಳುವುದೂ ಕಡಿಮೆ. ಕೊಳವೆಬಾವಿ ಬತ್ತಿದ ವರ್ಷ, ಅಂದರೆ ಮೇವು ಅತ್ಯಂತ ದುಬಾರಿಯಾದ ವರ್ಷವೇ, ಮಳೆಯಾಶ್ರಿತ ಬುಡಗಳ ನಿಜವಾದ ಬೆಲೆ ತಿಳಿಯುವುದು. ಮೇಲಾಗಿ ಕುರಿಯ ಹಿಂಡನ್ನು, ದೇವರ ಎತ್ತನ್ನು ಕತ್ತರಿಸಿ ಹಾಕಿದ ಮೇವಿನಲ್ಲಿ ಸಾಕಲು ಯಾರಿಂದಲೂ ಆಗದು. ಎರಡಕ್ಕೂ ಅವುಗಳದೇ ಜಾಗವಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸುವುದು ಸಲ್ಲದು.

ಹಾಗಾದರೆ ಹಾಳಾದ ಕಾವಲಿನಲ್ಲಿ ಇಂದು ಹುಲ್ಲು ಬೆಳೆಸುವುದು ಹೇಗೆ? ಮೊದಲ ಕೆಲಸ ನೋಡುವುದು. ಸವೆದ ನೆಲದಲ್ಲೂ ಕಲ್ಲುಗುಪ್ಪೆಯ ಸಂದಿನಲ್ಲಿ, ಮುಳ್ಳುಪೊದೆಯ ಬುಡದಲ್ಲಿ, ದನದ ಬಾಯಿ ಎಟುಕದ ಕಡೆ ಹಳೆಯ ಜಾತಿಗಳ ಗುಡ್ಡೆಗಳು ಉಳಿದಿರುತ್ತವೆ. ಅವು ಅಲ್ಲಲ್ಲಿ ಸಿಗುವಂತಿದ್ದರೆ ಬಿತ್ತನೆಯೇ ಬೇಡ. ಒಂದೆರಡು ಮಳೆಗಾಲ ದನ ಕುರಿ ಬಿಡದೆ ಕಾದರೆ ಅವೇ ಬೀಜ ಉದುರಿಸಿ ಹರಡುತ್ತವೆ. ಬಳ್ಳಾರಿ ಜಾಲಿ, ಲಂಟಾನ ಹಬ್ಬಿದ್ದರೆ ಬೇರುಸಹಿತ ತೆಗೆಯಬೇಕು. ಇಳಿಜಾರಿದ್ದರೆ ಸಮಪಾತಳಿಯಲ್ಲಿ ಸಣ್ಣ ಕಾಲುವೆ ತೆಗೆದು ನೀರು ಇಂಗಿಸಬೇಕು. ಗುಡ್ಡೆಗಳು ಪೂರ್ತಿ ಅಳಿದಿದ್ದರೆ ಮಾತ್ರ ಬೀಜ. ಒಣ ನೆಲಕ್ಕೆ ಅಂಜನ್ ಹುಲ್ಲು ಎಲ್ಲಕ್ಕಿಂತ ಸುಲಭ: ಹೆಕ್ಟೇರಿಗೆ ನಾಲ್ಕರಿಂದ ಆರು ಕಿಲೊ ಬೀಜ ಸಾಕು. ಆಗತಾನೆ ಉದುರಿದ ಬೀಜ ಕೆಲವು ತಿಂಗಳು ಮೊಳೆಯುವುದಿಲ್ಲ, ಆದ್ದರಿಂದ ಹಿಂದಿನ ವರ್ಷದ್ದನ್ನೇ ಬಳಸುವುದು ಜಾಣತನ. ಬೀಜಕ್ಕೆ ನವಿರು ರೋಮದ ಹೊದಿಕೆ ಇರುವುದರಿಂದ ಗಾಳಿಗೆ ಹಾರುತ್ತದೆ. ಹಸಿಮಣ್ಣಿನಲ್ಲಿ ಬೆರೆಸಿ ಎರಚುವುದೋ, ಜೇಡಿಮಣ್ಣು, ಸಗಣಿ, ಮರಳು ಕಲಸಿ ಗುಳಿಗೆ ಕಟ್ಟುವುದೋ ಮಾಡಬೇಕು. ಮುಂಗಾರಿನ ಹೊಸ್ತಿಲಲ್ಲಿ ಬಿತ್ತಬೇಕು. ಒಂದು ಸೆಂಟಿಮೀಟರಿಗಿಂತ ಹೆಚ್ಚು ಆಳ ಹೋದರೆ ಮೊಳಕೆ ಮೇಲೆ ಬರಲು ಹೆಣಗುತ್ತದೆ. ಜಾಗ ಚಿಕ್ಕದಿದ್ದರೆ ಹಳೆಯ ಗುಡ್ಡೆ ಸೀಳಿ ಬೇರಿನ ತುಂಡುಗಳನ್ನು ಜಿಟಿಜಿಟಿ ಮಳೆಯ ದಿನ ನೆಡುವುದು ಇನ್ನೂ ಭರವಸೆಯ ದಾರಿ. ಸಾಲಿನ ನಡುವೆ ಸ್ಟೈಲೋದಂಥ ದ್ವಿದಳ ಮೇವು ಸೇರಿಸಿದರೆ ಮಣ್ಣಿಗೆ ಸಾರಜನಕವೂ ಮೇವಿಗೆ ಸಾರವೂ ಕೂಡುತ್ತದೆ. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದಂಥ ಕಡೆ ಈ ತಿಳಿವಳಿಕೆಯೆಲ್ಲ ಸಿಗುತ್ತದೆ.

ಇಷ್ಟೂ ಸೇರಿ ಒಂದು ಮಳೆಗಾಲದ ಕೆಲಸ. ಅಸಲಿ ಕೃಷಿ ಆಮೇಲಿನದು. ಮೊದಲ ವರ್ಷ ಒಂದು ದನವನ್ನೂ ಬಿಡುವಂತಿಲ್ಲ. ಬೇರು ಇನ್ನೂ ಸಡಿಲವಿರುವ ಗಿಡ ಹುಲ್ಲೆಳೆದ ರಭಸಕ್ಕೆ ಬುಡಸಮೇತ ಕಿತ್ತುಬರುತ್ತದೆ. ಬೀಜ ಉದುರಿದ ಮೇಲೆ ಕುಡುಗೋಲಿನಿಂದ, ನೆಲದಿಂದ ಗೇಣಿನಷ್ಟಲ್ಲದಿದ್ದರೂ ನಾಲ್ಕಾರು ಬೆರಳು ಕೂಳೆ ಬಿಟ್ಟು ಕೊಯ್ಯಬಹುದು. ಎರಡನೆಯ ವರ್ಷದಿಂದ ಒಂದು ಭಾಗವನ್ನು ಹೂ ಬಿಡುವ ಹೊತ್ತಿಗೆ, ಸಾರ ಹೆಚ್ಚಿರುವಾಗಲೇ ಕೊಯ್ದು ಒಣಗಿಸಿ ಬಣವೆ ಒಟ್ಟಬೇಕು; ಇನ್ನೊಂದು ಭಾಗವನ್ನು ಬೀಜಕ್ಕೆ ಬಿಡಬೇಕು; ಮೂರನೆಯದರಲ್ಲಿ ಮೇಯಿಸಬೇಕು. ಪ್ರತಿ ವರ್ಷ ಈ ಮೂರರ ಸರದಿ ಬದಲಾಗಬೇಕು. ಸೂಜಿಹುಲ್ಲಿರುವ ಕಡೆ ಊಬು ಗಟ್ಟಿಯಾಗುವ ಮುನ್ನವೇ ಕುರಿಗಳ ಸರದಿ ಮುಗಿದಿರಬೇಕು. ಬೀಜದ ಖರ್ಚು ಒಮ್ಮೆ ಮುಗಿಯುತ್ತದೆ, ಕಾಯುವ ಖರ್ಚು ಮುಗಿಯುವುದೇ ಇಲ್ಲ. ಸರಕಾರಿ ಮೇವು ಯೋಜನೆಗಳು ಸೋಲುವುದು ಇಲ್ಲಿಯೇ. ಬೇಲಿ ಹಾಕಿ, ಬೀಜ ಎರಚಿ, ಫಲಕ ನೆಟ್ಟು ಹಣ ಮುಗಿಸುತ್ತವೆ. ಬೇಲಿ ಬಿದ್ದ ಮರುದಿನದಿಂದ ಯಾವ ತಿಂಗಳು ಯಾರ ದನ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಅರಸನಿಲ್ಲದ ಕಾಲದಲ್ಲಿ ಕಾಯುವವರು ಯಾರು ಎಂಬುದು ಕೊನೆಯ ಆಕ್ಷೇಪ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಒಂದು ಉತ್ತರ. ಕೃಷ್ಣಮೃಗಕ್ಕೂ ಹುಲ್ಲಿಗೂ ಅದರಿಂದ ಆಸರೆ ಸಿಕ್ಕಿತು. ಆದರೆ ಎಲ್ಲ ಕಾವಲೂ ಅಭಯಾರಣ್ಯವಾಗಲಾರದು, ಆಗಬೇಕಾಗಿಯೂ ಇಲ್ಲ, ಏಕೆಂದರೆ ಈ ಹುಲ್ಲು ದನದೊಂದಿಗೇ ಬೆಳೆದುಬಂದದ್ದು. ಕಿಲಾರಿಗಳು, ಕುರಿಗಾರರು, ಕಾಡುಗೊಲ್ಲರು ಈಗಲೂ ಬಯಲಿನಲ್ಲಿ ದಿನ ಕಳೆಯುವವರು. ಹುಲ್ಲಿನ ಜಾತಿ, ಚಿಗುರಿನ ವಾರ, ನೀರಿನ ಗುಂಡಿ ಅವರಿಗೆ ಬಾಯಿಪಾಠ. ಅವರಿಗೆ ಇಲ್ಲದಿರುವುದು ಅಧಿಕಾರ. ಅದನ್ನು ಕೊಡುವ ದಾರಿ ದೊಡ್ಡ ಕಾನೂನಿನದಾಗಬೇಕಿಲ್ಲ. ಪಹಣಿಯಲ್ಲಿ ಬೆಳೆ ನಮೂದಿಸುವ ಕಲಮಿದೆ. ಕಾವಲು, ಗೋಮಾಳಗಳ ಸರ್ವೆ ನಂಬರಿಗೆ ಅಲ್ಲಿ ಹುಲ್ಲು ಎಂದು ಬರೆಯಲಿ. ಯಾವ ತುಂಡು ಯಾವ ತಿಂಗಳು ಮುಚ್ಚಿರುತ್ತದೆ ಎಂಬುದನ್ನು ಗ್ರಾಮಸಭೆ ಪ್ರತಿ ಯುಗಾದಿಗೆ ಅವರ ಮಾತು ಕೇಳಿ ಗೊತ್ತುಮಾಡಲಿ. ಕಾಯುವಾಳಿಗೆ ಉದ್ಯೋಗ ಖಾತರಿಯಂಥ ಯೋಜನೆಯಿಂದ ಕೂಲಿ ಸಲ್ಲಲಿ. ಪಹಣಿಯಲ್ಲಿ ಬೆಳೆಯಿರುವ ನೆಲವನ್ನು ಖಾಲಿ ನೆಲವೆಂದು ಮಂಜೂರು ಮಾಡಹೊರಟವರು ಮೊದಲು ಆ ಬೆಳೆಯ ಲೆಕ್ಕ ಕೊಡಬೇಕಾಗುತ್ತದೆ.